ಮಂಡಿ ಆಪರೇಷನ್‌ಗೆ ಯಾವ ಆಸ್ಪತ್ರೆ ಒಳ್ಳೇದು? ಲೆಕ್ಕ ಇಟ್ಟು ಉತ್ತರ ಹುಡುಕಿದವರ ಕಥೆ

ನಮ್ಮ ದೊಡ್ಡಮ್ಮನಿಗೆ ಎರಡೂ ಮಂಡಿ ಸವೆದಿವೆ. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನು ಮಾತ್ರೆ, ಇಂಜೆಕ್ಷನ್ ಸಾಕಾಗಲ್ಲಮ್ಮ, ಕೀಲೇ ಬದಲಾಯಿಸಬೇಕು" ಅಂದರು. ಆ ಸಂಜೆಯಿಂದ ಮನೆಯಲ್ಲಿ ಒಂದೇ ಮಾತು. ಯಾವ ಆಸ್ಪತ್ರೆ? ಪಕ್ಕದ ಮನೆಯವರು ಒಂದು ಹೆಸರು ಹೇಳಿದರು. ಅವರ ಬೀಗರಿಗೆ ಅಲ್ಲಿ ಬಹಳ ಚೆನ್ನಾಗಿ ಆಯಿತಂತೆ. ಆ ಹೆಸರು ಕೇಳಿದ ಚಿಕ್ಕಪ್ಪ ತಲೆ ಅಲ್ಲಾಡಿಸಿದರು. ಅವರ ಸ್ನೇಹಿತರಿಗೆ ಅಲ್ಲೇ ಆಪರೇಷನ್ ಆಗಿ, ಒಳಗೆ ಕೀವು ತುಂಬಿ, ಮತ್ತೆ ಕೊಯ್ಯಬೇಕಾಯಿತಂತೆ.

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಆದರೆ ಎರಡು ಕಥೆ ಕೇಳಿದ ಮೇಲೂ ಆಸ್ಪತ್ರೆಯ ಬಗ್ಗೆ ನಮಗೆ ಏನೂ ಗೊತ್ತಾಗಲಿಲ್ಲ. ಅಲ್ಲಿ ಕಳೆದ ವರ್ಷ ಎಷ್ಟು ಮಂಡಿ ಬದಲಾಯಿಸಿದರು? ಅವರಲ್ಲಿ ಎಷ್ಟು ಜನ ಬೀಗರ ಹಾಗೆ ನಡೆದಾಡುತ್ತಿದ್ದಾರೆ, ಎಷ್ಟು ಜನ ಆ ಸ್ನೇಹಿತರ ಹಾಗೆ ವಾಪಸ್ ಬಂದರು? ಇದನ್ನು ಯಾರಾದರೂ ಎಣಿಸಿದ್ದಾರಾ?

ನಮ್ಮಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಇಂಗ್ಲೆಂಡಿನಲ್ಲಿ ಎಣಿಸಿದ್ದಾರೆ. ಎಣಿಸಿದ್ದನ್ನು ಆಸ್ಪತ್ರೆಯ ಹೆಸರಿನ ಸಮೇತ ಜನರ ಮುಂದೆ ಇಟ್ಟಿದ್ದಾರೆ. ಆ ಲೆಕ್ಕ ಓದುವುದನ್ನು ಕಲಿತರೆ, ಇಲ್ಲಿ ಡಾಕ್ಟರ ಎದುರು ಕೂತಾಗ ಏನು ಕೇಳಬೇಕು ಅನ್ನುವುದೂ ತಿಳಿಯುತ್ತದೆ. ಅದಕ್ಕೇ ಈ ಲೇಖನ.

ಕೀಲು ಬದಲಾವಣೆ ಅಂದರೆ ಏನು

ಎರಡು ಮೂಳೆ ಸೇರಿ ಅಲ್ಲಾಡುವ ಜಾಗವೇ ಕೀಲು. ಮೂಳೆಗಳ ತುದಿಗೆ ನುಣುಪಾದ ಒಂದು ಪದರ ಇರುತ್ತದೆ. ಅದನ್ನು ಮೃದ್ವಸ್ಥಿ ಅನ್ನುತ್ತಾರೆ. ವಯಸ್ಸಾದಂತೆ, ಇಲ್ಲವೇ ಸಂಧಿವಾತದಿಂದ, ಹಳೆಯ ಪೆಟ್ಟಿನಿಂದ ಅದು ಸವೆಯುತ್ತದೆ. ಆಮೇಲೆ ಮೂಳೆಗೆ ಮೂಳೆ ಉಜ್ಜುತ್ತದೆ. ಮೆಟ್ಟಿಲು ಇಳಿಯುವಾಗ ಮುಖ ಕಿವುಚಿಕೊಳ್ಳುವ ಆ ನೋವು ಬರುವುದು ಇದರಿಂದಲೇ.

ನಮ್ಮ ಜನ ಇದನ್ನು "ಮಂಡಿ ಚಿಪ್ಪು ಬದಲಾಯಿಸೋದು" ಅನ್ನುತ್ತಾರೆ. ನಿಜಕ್ಕೂ ಮುಖ್ಯವಾಗಿ ಬದಲಾಗುವುದು ಚಿಪ್ಪಲ್ಲ. ತೊಡೆ ಮೂಳೆಯ ಕೆಳತುದಿ ಮತ್ತು ಕೆಳಗಾಲಿನ ಮೂಳೆಯ ಮೇಲ್ತುದಿಯನ್ನು ಸ್ವಲ್ಪ ಕತ್ತರಿಸಿ, ಅವಕ್ಕೆ ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಹೀಗೆ ಒಳಗೆ ಕೂರಿಸುವ ವಸ್ತುವಿಗೆ ಇಂಪ್ಲಾಂಟ್ ಅನ್ನುತ್ತಾರೆ.

ಇನ್ನೊಂದು ಸೊಂಟದ ಕೀಲು. ಇಲ್ಲೂ ಒಂದು ಗೊಂದಲ ಇದೆ. ನಾವು "ಸೊಂಟ ನೋವು" ಅಂದರೆ ಸಾಮಾನ್ಯವಾಗಿ ಬೆನ್ನಿನ ಕೆಳಭಾಗ ಅಂತ ಅರ್ಥ. ಸೊಂಟದ ಕೀಲು ಇರುವುದು ಅಲ್ಲಲ್ಲ, ತೊಡೆಸಂದಿನ ಒಳಗೆ. ತೊಡೆ ಮೂಳೆಯ ಮೇಲ್ತುದಿ ಚೆಂಡಿನಂತಿದೆ, ಅದು ಒಂದು ಬಟ್ಟಲಿನಲ್ಲಿ ತಿರುಗುತ್ತದೆ. ಆ ಚೆಂಡು, ಬಟ್ಟಲು ಎರಡನ್ನೂ ಬದಲಾಯಿಸುತ್ತಾರೆ. ನಮ್ಮಲ್ಲಿ ಮಂಡಿ ಆಪರೇಷನ್‌ಗಳೇ ಜಾಸ್ತಿ. ಇಂಗ್ಲೆಂಡಿನಲ್ಲಿ ಸೊಂಟದ ಕೀಲಿನದೂ ಹೆಚ್ಚುಕಡಿಮೆ ಅಷ್ಟೇ ಇವೆ.

ಇವತ್ತಿನ ಸೊಂಟದ ಕೀಲಿನ ಆಪರೇಷನ್ನಿಗೆ ದಾರಿ ಮಾಡಿಕೊಟ್ಟವರು ಜಾನ್ ಚಾರ್ನ್ಲಿ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ರೈಟಿಂಗ್ಟನ್ ಆಸ್ಪತ್ರೆಯ ಸರ್ಜನ್. ಅವರು ಬಟ್ಟಲಿಗೆ ಮೊದಲು ಬಳಸಿದ್ದು ಟೆಫ್ಲಾನ್, ಅಂದರೆ ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಅದೇ ವಸ್ತು. ಮೊದಲ ತಿಂಗಳುಗಳಲ್ಲಿ ರೋಗಿಗಳು ಖುಷಿಯಾಗಿ ನಡೆದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದುಹೋಯಿತು. ಹಾಕಿದ್ದನ್ನು ಚಾರ್ನ್ಲಿ ತಾವೇ ತೆಗೆಯಬೇಕಾಯಿತು. 1962ರ ನವೆಂಬರ್‌ನಲ್ಲಿ ಅವರು ಪಾಲಿಎಥಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿಗೆ ಬಂದರು. ಅದು ಬಾಳಿತು.

ಈ ಘಟನೆಯನ್ನು ನೆನಪಿಟ್ಟುಕೊಳ್ಳಿ. ಕೀಲು ಆರು ತಿಂಗಳಿಗೆ ಚೆನ್ನಾಗಿದ್ದರೆ ಆರು ವರ್ಷಕ್ಕೂ ಹಾಗೇ ಇರುತ್ತದೆ ಅಂತ ಹೇಳಲಾಗದು. ಮುಂದಿನದೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಎಣಿಸಬೇಕು ಅಂತ ಮೊದಲು ಹೇಳಿದ್ದು ಯಾರು

ಅಮೆರಿಕದ ಬಾಸ್ಟನ್‌ನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್ ಇದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅವರು ಕೇಳಿದ ಪ್ರಶ್ನೆ ತುಂಬಾ ಸರಳ. ಆಪರೇಷನ್ ಮಾಡಿ ಕಳಿಸಿದ ರೋಗಿ ಒಂದು ವರ್ಷದ ನಂತರ ಹೇಗಿದ್ದಾನೆ? ಅದು ಗೊತ್ತಿಲ್ಲದೆ ಆಪರೇಷನ್ ಚೆನ್ನಾಗಿ ಆಯಿತು ಅಂತ ಹೇಗೆ ಹೇಳುತ್ತೀರಿ? ದೊಡ್ಡ ಆಸ್ಪತ್ರೆಗಳಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಅವರು 1911ರಲ್ಲಿ ತಮ್ಮದೇ ಚಿಕ್ಕ ಆಸ್ಪತ್ರೆ ತೆರೆದರು. 1916ರವರೆಗೆ ಅಲ್ಲಿಂದ ಮನೆಗೆ ಹೋದ ರೋಗಿಗಳು 337. ಆ ಅವಧಿಯಲ್ಲಿ ಆದ 123 ತಪ್ಪುಗಳನ್ನು ಅವರೇ ಬರೆದು ಪ್ರಕಟಿಸಿದರು. ತನ್ನ ತಪ್ಪಿನ ಪಟ್ಟಿಯನ್ನು ತಾನೇ ಅಚ್ಚು ಹಾಕಿಸಿದ ಈ ವೈದ್ಯರ ಮೇಲೆ ನನಗೆ ಬಹಳ ಗೌರವ.

ಕೀಲಿನ ವಿಷಯದಲ್ಲಿ ಇದನ್ನು ಇಡೀ ದೇಶಕ್ಕೆ ಮೊದಲು ಮಾಡಿದ್ದು ಸ್ವೀಡನ್. ಮಂಡಿಗೆ 1975ರಲ್ಲಿ, ಸೊಂಟದ ಕೀಲಿಗೆ 1979ರಲ್ಲಿ ಅಲ್ಲಿ ದಾಖಲೆ ಪುಸ್ತಕ ಶುರುವಾಯಿತು. ಇದನ್ನು ರಿಜಿಸ್ಟ್ರಿ ಅನ್ನುತ್ತಾರೆ. ಯಾರಿಗೆ, ಯಾವ ಆಸ್ಪತ್ರೆಯಲ್ಲಿ, ಯಾರು, ಯಾವ ಕಂಪನಿಯ ಕೀಲು ಹಾಕಿದರು ಎಂದು ಬರೆದಿಡುವುದು. ಮುಂದೆ ಅದೇ ವ್ಯಕ್ತಿಗೆ ಅದೇ ಕೀಲಿಗೆ ಮತ್ತೆ ಆಪರೇಷನ್ ಆದರೆ, ದೇಶದ ಯಾವ ಮೂಲೆಯಲ್ಲಿ ಆದರೂ, ಹಳೆಯ ಸಾಲಿಗೆ ಅದನ್ನು ಜೋಡಿಸುವುದು. ಇಷ್ಟೇ ಕೆಲಸ. ಆದರೆ ಒಂದೂ ಬಿಡದೆ ವರ್ಷಗಟ್ಟಲೆ ಮಾಡಬೇಕು.

ಇಂಗ್ಲೆಂಡ್ ಎಚ್ಚೆತ್ತದ್ದು ಒಂದು ಏಟು ಬಿದ್ದ ಮೇಲೆ. ತೊಂಬತ್ತರ ದಶಕದಲ್ಲಿ ಅಲ್ಲಿ 3ಎಂ ಕಂಪನಿಯ ಕ್ಯಾಪಿಟಲ್ ಎಂಬ ಸೊಂಟದ ಕೀಲು ಬಂತು. ಅದು ಬೇಗ ಸಡಿಲವಾಗತೊಡಗಿದಾಗ, ಅದನ್ನು ಯಾರ್ಯಾರಿಗೆ ಹಾಕಿದ್ದಾರೆ ಅಂತ ಹುಡುಕುವುದೇ ದೊಡ್ಡ ಕೆಲಸವಾಯಿತು. 2003ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ರಾಷ್ಟ್ರೀಯ ಕೀಲು ರಿಜಿಸ್ಟ್ರಿ ಶುರುವಾಯಿತು. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎರಡರದೂ ಅದರಲ್ಲಿ ಬರುತ್ತದೆ. ಇವತ್ತು ಅದರಲ್ಲಿ 30 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ದಾಖಲೆ ಇದೆ.

"ಚೆನ್ನಾಗಿ ಆಯ್ತು" ಅನ್ನುವುದನ್ನು ಅಳೆಯುವುದು ಹೇಗೆ

ಪಕ್ಕದ ಮನೆಯವರ ಬೀಗರಿಗೆ "ಚೆನ್ನಾಗಿ ಆಯ್ತು" ಅಂದರೆ ಏನರ್ಥ? ಜೀವಕ್ಕೆ ಏನೂ ಆಗಲಿಲ್ಲ ಅಂತಲೇ? ಗಾಯ ಒಣಗಿತು ಅಂತಲೇ? ನೋವು ಹೋಯಿತು ಅಂತಲೇ? ಒಂದೊಂದಕ್ಕೂ ಬೇರೆ ಅಳತೆಗೋಲು ಬೇಕು.

ಮೊದಲನೆಯದು ಜೀವ. ಆಪರೇಷನ್ ಆದ 90 ದಿನದೊಳಗೆ ಎಷ್ಟು ಜನ ತೀರಿಕೊಂಡರು ಅಂತ ನೋಡುತ್ತಾರೆ. ಇದು ಅಪರೂಪ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸೊಂಟದ ಕೀಲು ಬದಲಾವಣೆಯ ನಂತರ 2003ರಲ್ಲಿ ಶೇ. 0.56 ಇದ್ದದ್ದು 2011ಕ್ಕೆ ಶೇ. 0.29ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅರ್ಧ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಅರಿವಳಿಕೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಮತ್ತು ಸಾಧನಗಳು ಸಿಕ್ಕ ರೋಗಿಗಳಲ್ಲಿ ಸಾವು ಕಡಿಮೆ ಇದ್ದದ್ದು ಆ ಲೆಕ್ಕದಿಂದಲೇ ತಿಳಿಯಿತು.

ಎರಡನೆಯದು ತೊಡಕುಗಳು. ಸೋಂಕು, ರಕ್ತ ಹೆಪ್ಪುಗಟ್ಟುವುದು, ಕೀಲು ಜಾರುವುದು, ಮತ್ತೆ ಆಸ್ಪತ್ರೆ ಸೇರುವುದು ಇವೆಲ್ಲ ಇದರಲ್ಲಿ ಬರುತ್ತವೆ.

ಮೂರನೆಯದು ಮರು ಆಪರೇಷನ್. ಡಾಕ್ಟರುಗಳು ರಿವಿಷನ್ ಅನ್ನುತ್ತಾರೆ. ಹಾಕಿದ ಕೀಲನ್ನು ತೆಗೆದು ಬೇರೆ ಹಾಕುವುದು. ಇದು ಗೊತ್ತಾಗಲು ವರ್ಷಗಳು ಬೇಕು. ಹಲವು ದೇಶಗಳ ದಾಖಲೆ ಸೇರಿಸಿ 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 25 ವರ್ಷದ ನಂತರವೂ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ. 82, ಸೊಂಟದ ಕೀಲುಗಳಲ್ಲಿ ಸುಮಾರು ಶೇ. 58 ಮತ್ತೆ ಮುಟ್ಟುವ ಅಗತ್ಯವಿಲ್ಲದೆ ಉಳಿದಿದ್ದವು. "ಹತ್ತು ವರ್ಷ ಆದಮೇಲೆ ಹೋಗುತ್ತಂತೆ" ಅಂತ ಹೆದರುವವರಿಗೆ ಇದನ್ನು ಹೇಳಿ. ಇವು 25 ವರ್ಷ ಹಿಂದೆ ಹಾಕಿದ ಹಳೆಯ ಕೀಲುಗಳು ಅನ್ನುವುದೂ ನೆನಪಿರಲಿ.

ಆದರೆ ಈ ಅಳತೆಗೋಲಿನಲ್ಲಿ ಒಂದು ದೊಡ್ಡ ತೂತು ಇದೆ. ನೋವಿನಲ್ಲೇ ಇದ್ದರೂ ಇನ್ನೊಂದು ಆಪರೇಷನ್ ಬೇಡ ಅಂತ ಸುಮ್ನೆ ಮನೆಯಲ್ಲಿ ಕೂತವರು ಇದರಲ್ಲಿ ಎಲ್ಲಿ ಬರುತ್ತಾರೆ? ಮರು ಆಪರೇಷನ್ ಆಗಿಲ್ಲವಲ್ಲ, ಹಾಗಾಗಿ ಲೆಕ್ಕದಲ್ಲಿ ಅವರು ಗೆದ್ದವರ ಸಾಲಿಗೇ ಸೇರುತ್ತಾರೆ.

ಹಾಗಾಗಿ ನಾಲ್ಕನೆಯದು ಬಂತು. ರೋಗಿಯನ್ನೇ ಕೇಳುವುದು. 2009ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಈ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಎರಡು ಸಲ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಆಪರೇಷನ್‌ಗೆ ಮುಂಚೆ ಒಂದು. ಆರು ತಿಂಗಳ ನಂತರ ಅಂಚೆಯಲ್ಲಿ ಇನ್ನೊಂದು. ಇದಕ್ಕೆ ಆಕ್ಸ್‌ಫರ್ಡ್ ಅಂಕ ಅನ್ನುತ್ತಾರೆ. ಪ್ರಶ್ನೆಗಳು 12. ರಾತ್ರಿ ನೋವಿನಿಂದ ನಿದ್ದೆ ಕೆಡುತ್ತದಾ, ಮೆಟ್ಟಿಲು ಇಳಿಯಬಲ್ಲಿರಾ, ಸಾಮಾನು ತರಲು ಒಬ್ಬರೇ ಹೋಗಬಲ್ಲಿರಾ, ಇಂಥವು. ಒಂದೊಂದಕ್ಕೂ 0ಯಿಂದ 4 ಅಂಕ. ಒಟ್ಟು 48. ಜಾಸ್ತಿ ಬಂದಷ್ಟೂ ಒಳ್ಳೆಯದು.

ಅಲ್ಲಿ ಸಿಕ್ಕ ಉತ್ತರ ಸಮಾಧಾನ ಕೊಡುವಂಥದ್ದು. ಸೊಂಟದ ಕೀಲಿನವರಿಗೆ ಸರಾಸರಿ ಸುಮಾರು 22 ಅಂಕ ಏರಿದರೆ, ಮಂಡಿಯವರಿಗೆ ಸುಮಾರು 16 ಅಂಕ ಏರುತ್ತದೆ. ಎರಡರಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರ ಅಂಕ ಮೊದಲಿಗಿಂತ ಮೇಲಾಗುತ್ತದೆ. ಹಾಗಿದ್ದರೂ ಮಂಡಿ ಬದಲಾಯಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ತೃಪ್ತಿ ಇರುವುದಿಲ್ಲ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತಾ ಬಂದಿವೆ. ಅಂಕ ಏರುವುದು ಬೇರೆ, ಅಂದುಕೊಂಡಂತೆ ಆಗುವುದು ಬೇರೆ, ಅಲ್ವಾ? ನಮ್ಮ ದೊಡ್ಡಮ್ಮ ಡಾಕ್ಟರನ್ನು ಮೊದಲು ಕೇಳಿದ್ದು, "ಕೆಳಗೆ ಕೂತು ರಂಗೋಲಿ ಹಾಕಬಹುದಾ?" ಅಂತ. ಆಕ್ಸ್‌ಫರ್ಡಿನ ಪಟ್ಟಿಯಲ್ಲಿ ಮೊಣಕಾಲೂರಿ ಏಳುವ ಪ್ರಶ್ನೆ ಇದೆ. ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕುರುಗಾಲಿನಲ್ಲಿ ಕೂರುವ ಪ್ರಶ್ನೆ ಇಲ್ಲ. ಅಲ್ಲಿನ ಬದುಕಿಗೆ ಅದು ಬೇಕಿರಲಿಲ್ಲ. ನಮಗೆ ಬೇಕು.

ಹೋಲಿಸುವಾಗ ಮೊದಲ ತೊಡಕು: ಯಾರು ಬಂದಿದ್ದರು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಪೇಪರಿನಲ್ಲಿ "ನೂರಕ್ಕೆ ನೂರು ಫಲಿತಾಂಶ" ಅಂತ ಶಾಲೆಗಳ ಹೆಸರು ಬರುತ್ತದೆ. ಆ ಶಾಲೆ ಪ್ರವೇಶ ಪರೀಕ್ಷೆ ಇಟ್ಟು ಚುರುಕಾದ ಮಕ್ಕಳನ್ನೇ ಆರಿಸಿಕೊಂಡಿದ್ದರೆ? ಪಕ್ಕದ ಸರ್ಕಾರಿ ಶಾಲೆ, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಂಡು, ಓದಲು ಬಾರದವರನ್ನೂ ಕಲಿಸಿ, ನೂರಕ್ಕೆ ಎಂಬತ್ತು ಪಾಸು ಮಾಡಿಸಿದ್ದರೆ? ಯಾವ ಮೇಷ್ಟ್ರು ಹೆಚ್ಚು ಕಲಿಸಿದರು?

ಆಸ್ಪತ್ರೆಗೂ ಇದೇ ಲೆಕ್ಕ. ಒಂದು ಕಡೆ ಐವತ್ತೈದರ, ಬೇರೆ ಕಾಯಿಲೆ ಇಲ್ಲದ ರೋಗಿಗಳೇ ಹೆಚ್ಚು ಬರುತ್ತಾರೆ ಅಂದುಕೊಳ್ಳಿ. ಇನ್ನೊಂದು ಕಡೆ ಎಪ್ಪತ್ತೈದು ದಾಟಿದವರು, ಸಕ್ಕರೆ ಕಾಯಿಲೆಯವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬೇರೆಯವರು "ಆಗಲ್ಲ" ಅಂತ ಕಳಿಸಿದವರು. ಎರಡನೆಯ ಆಸ್ಪತ್ರೆಯಲ್ಲಿ ತೊಡಕು ಹೆಚ್ಚಾದರೆ ಅದು ಆಸ್ಪತ್ರೆಯ ತಪ್ಪೇ ಆಗಬೇಕಿಲ್ಲ. ನಮ್ಮಲ್ಲೇ ನೋಡಿ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ಕಾಯಿಲೆ ಮಲೆನಾಡಿನ ಕೆಲವು ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಸೊಂಟದ ಕೀಲನ್ನು ಹಾಳು ಮಾಡುತ್ತದೆ. ಅಂಥ ಒಬ್ಬರ ಆಪರೇಷನ್ನನ್ನೂ ವಯಸ್ಸಿನಿಂದ ಕೀಲು ಸವೆದವರ ಆಪರೇಷನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದಕ್ಕೆ ಇಂಗ್ಲೆಂಡಿನವರು ಕಂಡುಕೊಂಡ ದಾರಿ ಹೀಗಿದೆ. ಮೊದಲು, ಈ ಆಸ್ಪತ್ರೆಗೆ ಬಂದಂಥ ರೋಗಿಗಳೇ ದೇಶದ ಸಾಧಾರಣ ಆಸ್ಪತ್ರೆಗೆ ಹೋಗಿದ್ದರೆ ಎಷ್ಟು ಜನಕ್ಕೆ ತೊಡಕಾಗುತ್ತಿತ್ತು ಅಂತ ಲೆಕ್ಕ ಹಾಕುತ್ತಾರೆ. ವಯಸ್ಸು, ಹೆಂಗಸೋ ಗಂಡಸೋ, ಒಟ್ಟು ಆರೋಗ್ಯ ಇವೆಲ್ಲ ಅದರಲ್ಲಿ ಸೇರುತ್ತವೆ. ಅದು ನಿರೀಕ್ಷಿತ ಸಂಖ್ಯೆ. ಆಮೇಲೆ ನಿಜವಾಗಿ ಆದ ಸಂಖ್ಯೆಯನ್ನು ಪಕ್ಕದಲ್ಲಿ ಇಡುತ್ತಾರೆ. ನಿರೀಕ್ಷೆ 20, ಆದದ್ದು 19 ಅಂದರೆ ಪರವಾಗಿಲ್ಲ. ನಿರೀಕ್ಷೆ 8, ಆದದ್ದು 19 ಅಂದರೆ ವಿಚಾರಿಸಬೇಕು. ಎರಡೂ ಕಡೆ ಆದದ್ದು ಅದೇ 19, ಅರ್ಥ ಮಾತ್ರ ಬೇರೆ.

ರೋಗಿಯೇ ಹೇಳುವ ಅಂಕದಲ್ಲಿ ಇದು ಇನ್ನೂ ಸೂಕ್ಷ್ಮ. ಒಂದು ಉದಾಹರಣೆ ಹಾಕಿಕೊಳ್ಳೋಣ. ಒಂದು ಆಸ್ಪತ್ರೆಯ ರೋಗಿಗಳು ಸರಾಸರಿ 30 ಅಂಕದೊಂದಿಗೆ ಬಂದು 44ಕ್ಕೆ ಏರಿದರು. ಇನ್ನೊಂದರವರು 14ರೊಂದಿಗೆ ಬಂದು 36ಕ್ಕೆ ಏರಿದರು. ಕೊನೆಯ ಅಂಕ ನೋಡಿದರೆ ಮೊದಲನೆಯದು ಮೇಲು. ಏರಿಕೆ ನೋಡಿದರೆ ಎರಡನೆಯದು. ಆದರೆ 30ರಲ್ಲಿ ಶುರು ಮಾಡಿದವರು ಎಷ್ಟೇ ಚೆನ್ನಾದರೂ 18ಕ್ಕಿಂತ ಹೆಚ್ಚು ಏರುವ ಹಾಗೇ ಇಲ್ಲ, ಯಾಕೆಂದರೆ 48ಕ್ಕೆ ಪಟ್ಟಿ ಮುಗಿಯುತ್ತದೆ. ಹಾಗಾಗಿ ಎಲ್ಲಿಂದ ಶುರು ಮಾಡಿದರು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು ಸರಿಪಡಿಸಿದ ಏರಿಕೆಯನ್ನೇ ಹೋಲಿಸುತ್ತಾರೆ.

ಎರಡನೆಯ ತೊಡಕು: ಅದೃಷ್ಟದ ಪಾಲು ಎಷ್ಟು?

ಚೌಕಾಬಾರ ಆಡುವಾಗ ಕವಡೆ ಎಸೆದು ಮೂರು ಸಲ ಸಾಲಾಗಿ ನಾಲ್ಕು ಬಿದ್ದರೆ ಯಾರೂ ಕವಡೆ ಪರೀಕ್ಷೆ ಮಾಡುವುದಿಲ್ಲ. ಇಡೀ ಮಧ್ಯಾಹ್ನ ಒಬ್ಬರಿಗೇ ನಾಲ್ಕು ಬೀಳುತ್ತಾ ಇದ್ದರೆ ಮಾತ್ರ ಕವಡೆ ತಿರುಗಿಸಿ ನೋಡುತ್ತೇವೆ.

ಆಸ್ಪತ್ರೆಯ ಅಂಕಿ ಓದುವಾಗಲೂ ಹೀಗೇ. ಲೆಕ್ಕಕ್ಕೆ ಸುಲಭವಾಗಲಿ ಅಂತ, ತೊಡಕಿನ ಸಾಮಾನ್ಯ ಪ್ರಮಾಣ ನೂರಕ್ಕೆ ಎರಡು ಅಂದುಕೊಳ್ಳಿ. ವರ್ಷಕ್ಕೆ 50 ಆಪರೇಷನ್ ಮಾಡುವ ಚಿಕ್ಕ ಆಸ್ಪತ್ರೆಯಲ್ಲಿ ಒಬ್ಬರಿಗೆ ತೊಡಕಾಗಬೇಕು. ಒಂದು ವರ್ಷ ಮೂವರಿಗೆ ಆಯಿತು. ನೂರಕ್ಕೆ ಆರು, ಮೂರು ಪಟ್ಟು ಜಾಸ್ತಿ! ಪೇಪರಿನಲ್ಲಿ ಬಂದರೆ ಜನ ಗಾಬರಿಯಾಗುತ್ತಾರೆ. ಆದರೆ ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಇದು ಬರೀ ಕವಡೆ ಬಿದ್ದ ರೀತಿಯೂ ಇರಬಹುದು. ಮರುವರ್ಷ ಅಲ್ಲಿ ಒಂದೂ ಆಗದಿರಬಹುದು. ಅದೇ 2,000 ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಯಲ್ಲಿ 40ರ ಜಾಗದಲ್ಲಿ 120 ಆದರೆ ಅದನ್ನು ಅದೃಷ್ಟದ ಮೇಲೆ ಹಾಕುವ ಹಾಗಿಲ್ಲ. ಅಲ್ಲಿ ಏನೋ ಕೆಟ್ಟಿದೆ.

ಈ ಎರಡನ್ನೂ ಬೇರೆ ಮಾಡಿ ನೋಡಲು ಒಂದು ಚಿತ್ರ ಇದೆ. ಸೀಮೆಎಣ್ಣೆ ಸುರಿಯುವ ಲಾಳಿಕೆಯನ್ನು ಮಗ್ಗುಲಾಗಿ ಮಲಗಿಸಿದ ಹಾಗೆ ಕಾಣುತ್ತದೆ. ಎಡಗಡೆ ಬಾಯಿ ಅಗಲ, ಬಲಕ್ಕೆ ಹೋದಂತೆ ಕಿರಿದು. ಒಂದೊಂದು ಆಸ್ಪತ್ರೆಯೂ ಅದರಲ್ಲಿ ಒಂದು ಚುಕ್ಕೆ. ಕಡಿಮೆ ಆಪರೇಷನ್ ಮಾಡುವವು ಎಡಕ್ಕೆ, ಹೆಚ್ಚು ಮಾಡುವವು ಬಲಕ್ಕೆ. ಲಾಳಿಕೆಯ ಒಳಗಿರುವ ಚುಕ್ಕೆಗಳ ಏರಿಳಿತಕ್ಕೆ ಅದೃಷ್ಟವೇ ಸಾಕಾದ ಕಾರಣ. ಹೊರಗೆ ಬಿದ್ದ ಚುಕ್ಕೆಯನ್ನು ವಿಚಾರಿಸಬೇಕು. ಈ ಲಾಳಿಕೆಗೆ ಸಾಮಾನ್ಯವಾಗಿ ಎರಡು ಗೆರೆ ಎಳೆಯುತ್ತಾರೆ. ಶೇ. 95ರ ಗೆರೆ ಒಂದು. ಅದರ ಹೊರಗೆ, ಯಾರ ತಪ್ಪೂ ಇಲ್ಲದಿದ್ದರೂ, ಇಪ್ಪತ್ತರಲ್ಲಿ ಒಂದು ಆಸ್ಪತ್ರೆ ಬೀಳುತ್ತದೆ. ಶೇ. 99.8ರ ಗೆರೆ ಇನ್ನೊಂದು. ಅದರಾಚೆ ಸುಮ್ನೆ ಬೀಳುವುದು ಸಾವಿರದಲ್ಲಿ ಎರಡು ಮಾತ್ರ. ಕೆಟ್ಟ ಬದಿಯಲ್ಲಿ ಈ ಗೆರೆ ದಾಟಿದ ಆಸ್ಪತ್ರೆಗೆ ವಿಷಯ ತಿಳಿಸಿ, ಕಾರಣ ಹುಡುಕಲು ಹೇಳುತ್ತಾರೆ.

ಬಹುಪಾಲು ಚುಕ್ಕೆಗಳು ಲಾಳಿಕೆಯ ಒಳಗೇ ಇರುತ್ತವೆ. ಅಂದರೆ ಒಂದರಿಂದ ನೂರರವರೆಗೆ ರ‍್ಯಾಂಕ್ ಕೊಟ್ಟು ಆಸ್ಪತ್ರೆಗಳ ಪಟ್ಟಿ ಮಾಡಿದರೆ, ನಲವತ್ತನೆಯದಕ್ಕೂ ಅರುವತ್ತನೆಯದಕ್ಕೂ ನಡುವಿನ ವ್ಯತ್ಯಾಸ ನಿಜವೋ ಅದೃಷ್ಟವೋ ಹೇಳಲಾಗದು. ರ‍್ಯಾಂಕ್ ಪಟ್ಟಿ ನೋಡಿ ಆಸ್ಪತ್ರೆ ಆರಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿಂದ ಬರುತ್ತದೆ

ರೋಗಿಗಳ ವ್ಯತ್ಯಾಸ ಕಳೆದು, ಅದೃಷ್ಟ ಕಳೆದು ಉಳಿಯುವ ವ್ಯತ್ಯಾಸವೂ ಇದೆ. ಅದರಲ್ಲಿ ದೊಡ್ಡದು ಸೋಂಕು. ನೂರರಲ್ಲಿ ಸುಮಾರು ಒಬ್ಬರಿಗೆ ಕೃತಕ ಕೀಲಿನ ಸುತ್ತ ಆಳದ ಸೋಂಕಾಗುತ್ತದೆ. ಅದಾದರೆ ಕಷ್ಟ ತುಂಬಾ. ಲೋಹದ ಮೇಲೆ ಕೂತ ರೋಗಾಣುಗಳು ತಮ್ಮ ಸುತ್ತ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹಲವು ಸಲ ಕೀಲನ್ನೇ ತೆಗೆಯಬೇಕಾಗುತ್ತದೆ. ಚಿಕ್ಕಪ್ಪನ ಸ್ನೇಹಿತರಿಗೆ ಆದದ್ದು ಇದೇ.

ಚಾರ್ನ್ಲಿಗೂ ಇದೇ ಪೀಡೆ ಕಾಡಿತ್ತು. ಅವರು ಆಪರೇಷನ್ ಕೋಣೆಯ ಗಾಳಿಯ ಮೇಲೇ ಅನುಮಾನಪಟ್ಟರು. ಸೋಸಿದ ಗಾಳಿ ಸುರಿಯುವ ಒಂದು ಗೂಡು ಕಟ್ಟಿಸಿ, ಅದರೊಳಗೆ ಆಪರೇಷನ್ ಮಾಡಿದರು. ಸರ್ಜನ್‌ಗಳಿಗೆ ಮೈ ಪೂರ್ತಿ ಮುಚ್ಚುವ ಉಡುಪು ತೊಡಿಸಿದರು. ಒಂದೊಂದೇ ಬದಲಾವಣೆ ಮಾಡುತ್ತಾ, ಎಣಿಸುತ್ತಾ ಹೋದರು. ಕೆಲವು ವರ್ಷಗಳಲ್ಲಿ ಸೋಂಕು ಹಲವು ಪಟ್ಟು ಇಳಿದು ನೂರಕ್ಕೆ ಒಂದರ ಹತ್ತಿರ ಬಂತು.

ಇವತ್ತಿಗೂ ವ್ಯತ್ಯಾಸ ತರುವುದು ಇಂಥ ಸಣ್ಣ ಸಣ್ಣ ಶಿಸ್ತುಗಳೇ. ಆಪರೇಷನ್‌ಗೆ ಮುಂಚೆ ಸಕ್ಕರೆ ಹತೋಟಿಗೆ ಬಂದಿದೆಯಾ? ಹಲ್ಲಿನಲ್ಲಿ, ಮೂತ್ರದಲ್ಲಿ, ಚರ್ಮದಲ್ಲಿ ಸೋಂಕು ಇಲ್ಲವಲ್ಲಾ? ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಟ್ಟರಾ? ಕೀಲು ಹಾಕಿದ ರೋಗಿಯ ಪಕ್ಕದ ಹಾಸಿಗೆಯಲ್ಲಿ ಕೀವಾದ ಗಾಯದವರು ಇದ್ದಾರಾ? ಲಂಡನ್ ಹತ್ತಿರದ ಎಪ್ಸಮ್‌ನಲ್ಲಿ 2004ರಲ್ಲಿ ತೆರೆದ ಕೇಂದ್ರವೊಂದು ಮೊದಲೇ ದಿನ ಗೊತ್ತು ಮಾಡಿದ ಮೂಳೆ ಆಪರೇಷನ್‌ಗಳಿಗೇ ಮೀಸಲು. ಅಪಘಾತದ ಕೇಸು ಬಂದು ಹಾಸಿಗೆ ಹಿಡಿಯುವುದಿಲ್ಲ. ಅದೇ ತಂಡ ಅದೇ ಕೆಲಸವನ್ನು ದಿನವೂ ಮಾಡುತ್ತದೆ.

ದಿನವೂ ಮಾಡುವುದು ಎರಡನೆಯ ಕಾರಣ. ವರ್ಷಕ್ಕೊಮ್ಮೆ ಹೋಳಿಗೆ ತಟ್ಟುವವರಿಗೂ ದಿನಾ ತಟ್ಟುವವರಿಗೂ ಇರುವ ವ್ಯತ್ಯಾಸ ನಮಗೆ ಗೊತ್ತು. ಮಂಡಿಯ ಒಂದು ಬದಿಯನ್ನಷ್ಟೇ ಬದಲಾಯಿಸುವ ಅರ್ಧ ಮಂಡಿ ಆಪರೇಷನ್ನಿನಲ್ಲಿ ಇದು ಎದ್ದು ಕಾಣುತ್ತದೆ. ವರ್ಷಕ್ಕೆ ಕೆಲವನ್ನೇ ಮಾಡುವ ಸರ್ಜನ್‌ಗಳ ರೋಗಿಗಳಿಗೆ ಮರು ಆಪರೇಷನ್ ಹೆಚ್ಚು ಆಗುತ್ತದೆ ಅಂತ ಇಂಗ್ಲೆಂಡಿನ ದಾಖಲೆಗಳೇ ತೋರಿಸಿವೆ.

ಮೂರನೆಯದು ಯಾವ ಕೀಲು ಹಾಕುತ್ತಾರೆ ಅನ್ನುವುದು. ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೀಲಿನಲ್ಲಿ ಚೆಂಡೂ ಲೋಹ, ಬಟ್ಟಲೂ ಲೋಹ. ಉಜ್ಜಿದಾಗ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಸೇರಿದವು. ಆಸ್ಟ್ರೇಲಿಯಾದ ರಿಜಿಸ್ಟ್ರಿಯಲ್ಲಿ ಮೊದಲು ಎಚ್ಚರಿಕೆ ಕಂಡಿತು. ಇಂಗ್ಲೆಂಡಿನ ದಾಖಲೆ ನೋಡಿದರೆ ಐದೇ ವರ್ಷದಲ್ಲಿ ನೂರಕ್ಕೆ 12, 13 ಕೀಲುಗಳಿಗೆ ಮರು ಆಪರೇಷನ್ ಆಗಿತ್ತು. 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ವಾಪಸ್ ಕರೆಯಿತು. ಅಷ್ಟರಲ್ಲಿ ಸುಮಾರು 93,000 ಜನರ ದೇಹದಲ್ಲಿ ಅದು ಕೂತಿತ್ತು. ಸರ್ಜನ್ ಎಷ್ಟೇ ನುರಿತವರಾದರೂ ಆ ಕೀಲನ್ನು ಹೆಚ್ಚು ಬಳಸಿದ ಆಸ್ಪತ್ರೆಯ ಚುಕ್ಕೆ ಲಾಳಿಕೆಯ ಹೊರಗೆ ಹೋಗುತ್ತದೆ.

ಲೆಕ್ಕವನ್ನು ತೋರಿಸಿದರೆ ಆಸ್ಪತ್ರೆಗಳು ಬದಲಾಗುತ್ತವಾ? ಟಿಮ್ ಬ್ರಿಗ್ಸ್ ಎಂಬ ಮೂಳೆ ಸರ್ಜನ್ 2012ರಿಂದ ಇಂಗ್ಲೆಂಡಿನ ಮೂಳೆ ವಿಭಾಗಗಳಿಗೆ ಖುದ್ದಾಗಿ ಹೋದರು. ಆಯಾ ಆಸ್ಪತ್ರೆಯ ಅಂಕಿಯನ್ನೇ ಅಲ್ಲಿನ ವೈದ್ಯರ ಮುಂದಿಟ್ಟು ಮಾತಾಡಿದರು. ಬೈಯಲು ಹೋದದ್ದಲ್ಲ. ತಮ್ಮ ಸೋಂಕಿನ ಪ್ರಮಾಣ, ತಮ್ಮ ಮರು ಆಪರೇಷನ್ ಪಕ್ಕದ ಊರಿಗಿಂತ ಎಷ್ಟು ಬೇರೆ ಅನ್ನುವುದು ಎಷ್ಟೋ ವೈದ್ಯರಿಗೇ ತಿಳಿದಿರಲಿಲ್ಲ. ಒಮ್ಮೆಯೇ ಸರಿಯಾಗಿ ಮಾಡೋಣ ಅನ್ನುವ ಅರ್ಥದ ಹೆಸರಿನ ಆ ಕೆಲಸ ಮುಂದೆ ಬೇರೆ ವಿಭಾಗಗಳಿಗೂ ಹಬ್ಬಿತು.

ಸಂಖ್ಯೆ ಹೇಳದೆ ಬಿಡುವುದು

ಸಂಖ್ಯೆಗೂ ಮಿತಿ ಇದೆ. ಆರು ತಿಂಗಳ ನಂತರದ ಪ್ರಶ್ನೆಪತ್ರಿಕೆಯನ್ನು ಎಲ್ಲರೂ ತುಂಬಿ ಕಳಿಸುವುದಿಲ್ಲ. ಕಳಿಸದವರು ಹೇಗಿದ್ದಾರೋ ಗೊತ್ತಾಗುವುದಿಲ್ಲ. ಇನ್ನೊಂದು ಭಯವೂ ಇದೆ. ಫಲಿತಾಂಶ ಪ್ರಕಟವಾಗುತ್ತದೆ ಅಂದಾಗ, ಅಪಾಯ ಹೆಚ್ಚಿರುವ ರೋಗಿಗಳನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸುವ ಮನಸ್ಸು ಬರಬಹುದು. ಆಗ ಆಸ್ಪತ್ರೆಯ ಅಂಕಿ ಚೆನ್ನಾಗಿರುತ್ತದೆ, ಆಪರೇಷನ್ ನಿಜಕ್ಕೂ ಬೇಕಾದವರು ಹೊರಗೆ ಉಳಿಯುತ್ತಾರೆ. ರೋಗಿಗಳ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದು ಸರಿಪಡಿಸುವುದು ನ್ಯಾಯಕ್ಕೂ ಬೇಕು ಅನ್ನುವುದು ಇದರಿಂದಲೇ.

ಇನ್ನೊಂದು ಮಾತು. ಆಸ್ಪತ್ರೆ ಆಸ್ಪತ್ರೆಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಆಸ್ಪತ್ರೆಯ ರೋಗಿ ರೋಗಿಗಳ ನಡುವಿನ ವ್ಯತ್ಯಾಸ ದೊಡ್ಡದು. ತೊಡೆಯ ಸ್ನಾಯು ಎಷ್ಟು ಗಟ್ಟಿ ಇದೆ, ತೂಕ ಎಷ್ಟು, ಮನೆಗೆ ಬಂದ ಮೇಲೆ ಫಿಸಿಯೋಥೆರಪಿ ಎಷ್ಟು ನಿಷ್ಠೆಯಿಂದ ಮಾಡಿದರು, ಇವು ಫಲಿತಾಂಶವನ್ನು ಬಹಳ ಅಲುಗಾಡಿಸುತ್ತವೆ.

ನಮ್ಮಲ್ಲಿ ಏನು ಕೇಳಬೇಕು

ಭಾರತದಲ್ಲಿ ಸೊಂಟ ಮತ್ತು ಮಂಡಿ ಸರ್ಜನ್‌ಗಳ ಸಂಘದ ರಿಜಿಸ್ಟ್ರಿ ಒಂದಿದೆ. ಅದಕ್ಕೆ ವಿವರ ಕೊಡುವುದು ಅವರವರ ಇಚ್ಛೆ. ಬೆಲೆಯ ವಿಷಯದಲ್ಲಿ ಸರ್ಕಾರ ಹೆಜ್ಜೆ ಇಟ್ಟಿದೆ. 2017ರ ಆಗಸ್ಟ್‌ನಲ್ಲಿ ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿ ಇಂಪ್ಲಾಂಟ್‌ಗೆ 54,720 ರೂಪಾಯಿಯ ಮಿತಿ ಹಾಕಿತು. ಆದರೆ ಕೀಲಿನ ಬೆಲೆ ತಿಳಿದಷ್ಟು ಸುಲಭವಾಗಿ ಆ ಕೀಲು ಯಾವ ಆಸ್ಪತ್ರೆಯಲ್ಲಿ ಹೇಗೆ ಬಾಳಿತು ಅನ್ನುವುದು ನಮಗೆ ತಿಳಿಯುವುದಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳುವುದೊಂದೇ ದಾರಿ.

ನಾವು ದೊಡ್ಡಮ್ಮನ ಡಾಕ್ಟರನ್ನು ಕೇಳಿದ್ದು ಇವು. ಈ ಆಪರೇಷನ್ ನೀವೇ ವರ್ಷಕ್ಕೆ ಎಷ್ಟು ಮಾಡುತ್ತೀರಿ? ಕಳೆದ ವರ್ಷ ಎಷ್ಟು ಜನಕ್ಕೆ ಸೋಂಕಾಯಿತು, ಎಷ್ಟು ಜನಕ್ಕೆ ಮತ್ತೆ ಆಪರೇಷನ್ ಮಾಡಬೇಕಾಯಿತು? ಇವರ ಸಕ್ಕರೆ ಎಷ್ಟಕ್ಕೆ ಇಳಿದರೆ ದಿನ ಕೊಡುತ್ತೀರಿ? ಯಾವ ಕಂಪನಿಯ ಕೀಲು, ಅದು ಎಷ್ಟು ವರ್ಷದಿಂದ ಬಳಕೆಯಲ್ಲಿದೆ? ಮನೆಗೆ ಹೋದ ಮೇಲೆ ಫಿಸಿಯೋಥೆರಪಿಗೆ ಯಾರು ಬರುತ್ತಾರೆ? ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಕಂಪ್ಯೂಟರ್ ತೆರೆದು ಎರಡನೆಯ ಪ್ರಶ್ನೆಗೂ ಉತ್ತರ ಕೊಟ್ಟರು. ರಂಗೋಲಿಯನ್ನು ಮಾತ್ರ ಎತ್ತರದ ಕಟ್ಟೆಯ ಮೇಲೆ ಹಾಕಿ ಅಂದರು.

ಕೊನೆಗೆ ಒಂದು ಕಾಗದದ ವಿಷಯ. ಇಂಪ್ಲಾಂಟ್ ಡಬ್ಬಿಯ ಜೊತೆ ಅಂಟಿಸುವ ಚೀಟಿಗಳು ಬರುತ್ತವೆ. ಕಂಪನಿಯ ಹೆಸರು, ಮಾದರಿ, ಅಳತೆ, ತಯಾರಾದ ಕಂತಿನ ಸಂಖ್ಯೆ ಎಲ್ಲ ಅದರಲ್ಲಿ ಇರುತ್ತದೆ. ಎಎಸ್‌ಆರ್ ಕೀಲನ್ನು ಭಾರತದಲ್ಲೂ ಸುಮಾರು 4,700 ಜನರಿಗೆ ಹಾಕಿದ್ದರು. ಕೇಂದ್ರ ಸರ್ಕಾರದ ತಜ್ಞರ ಸಮಿತಿ ಪರಿಹಾರದ ಮಾತೆತ್ತಿದಾಗ ಅವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಗುರುತೇ ಸಿಗಲಿಲ್ಲ. ತಮ್ಮ ಸೊಂಟದಲ್ಲಿ ಯಾವ ಕೀಲು ಇದೆ ಅನ್ನುವುದು ಗೊತ್ತಿಲ್ಲದೇ ಎಷ್ಟೋ ಮಂದಿ ನೋವು ತಿನ್ನುತ್ತಿರಬಹುದು. ಮನೆಗೆ ಕಳಿಸುವ ದಿನ ಡಿಸ್ಚಾರ್ಜ್ ಫೈಲಿನಲ್ಲಿ ಆ ಚೀಟಿ ಅಂಟಿಸಿದ್ದಾರಾ ನೋಡಿ. ಇಲ್ಲದಿದ್ದರೆ ಕೇಳಿ ಪಡೆಯಿರಿ. ದೊಡ್ಡಮ್ಮ ಈಗಾಗಲೇ ಬೀರುವಿನಲ್ಲಿ ರೇಷನ್ ಕಾರ್ಡ್ ಇಡುವ ಚೀಲದಲ್ಲಿ ಅದಕ್ಕೆ ಜಾಗ ಮಾಡಿದ್ದಾರೆ.